ತೋಳದ ನಾಡಿನ ಕುರಿನಾಯಿ

ಹೊಸಪೇಟೆಯ ನಮ್ಮ ಓಣಿಗೆ ಎರಡು ವರ್ಷದ ಹಿಂದೆ ಒಂದು ವಿದೇಶಿ ನಾಯಿ ಬಂತು. ಕಪ್ಪು ಬಿಳುಪು ಮೈ, ಉದ್ದ ಕೂದಲು, ಮೂತಿಯಿಂದ ಹಣೆಯವರೆಗೆ ಬಿಳಿ ಪಟ್ಟೆ. ಬೆಂಗಳೂರಿನಿಂದ ತಂದವನು ನನ್ನ ಸೋದರಮಾವನ ಮಗ. 'ಬಾರ್ಡರ್ ಕಾಲಿ' ಎಂಬ ಜಾತಿ, ನಾಯಿಗಳಲ್ಲೆಲ್ಲ ಬುದ್ಧಿವಂತ ನಾಯಿ ಎಂದು ಮಾರಿದವರು ಹೇಳಿದ್ದರಂತೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಆರು ತಿಂಗಳು ತುಂಬುವಷ್ಟರಲ್ಲಿ ಅದು ಓಣಿಯಲ್ಲಿ ಆಡುವ ಮಕ್ಕಳನ್ನು ಸುತ್ತುಹಾಕಿ, ಹಿಮ್ಮಡಿಗೆ ಮೂತಿ ತಾಗಿಸಿ, ಎಲ್ಲರನ್ನೂ ಒಂದು ಮೂಲೆಗೆ ತಂದು ನಿಲ್ಲಿಸತೊಡಗಿತು. ಮಕ್ಕಳು ಸಿಗದಿದ್ದರೆ ಬೈಕಿನ ಗಾಲಿ, ಅದೂ ಇಲ್ಲದಿದ್ದರೆ ಪಕ್ಕದ ಮನೆಯ ಕೋಳಿ. ಕಟ್ಟಿಹಾಕಿದರೆ ಬಾಗಿಲ ಚೌಕಟ್ಟನ್ನೇ ಕಡಿಯುತ್ತಿತ್ತು. ತಾಯಂದಿರು ಜಗಳಕ್ಕೆ ಬಂದರು.

ಹೇಳಿಕೇಳಿ ಇದು ಕುರಿ ಮೇಯಿಸುವ ಜಾತಿ, ಕುರಿ ತೋರಿಸಿದರೆ ಸುಮ್ಮನಾದೀತು ಎಂಬ ಸಲಹೆ ಕೊಟ್ಟವನು ನಾನೇ. ಭತ್ತದ ಕೊಯ್ಲು ಮುಗಿದಿದ್ದ ದಿನಗಳು. ಕಮಲಾಪುರ ದಾಟಿ ಕಂಪ್ಲಿ ರಸ್ತೆಯಲ್ಲಿ ಹೋದರೆ ಕೂಳೆ ಉಳಿದ ಗದ್ದೆಗಳಲ್ಲಿ ಕುರಿಹಿಂಡುಗಳು ಇಳಿದಿರುತ್ತವೆ. ಒಂದು ಹಿಂಡಿನ ಹತ್ತಿರ ನಾಯಿಯನ್ನು ಸರಪಳಿ ಹಿಡಿದೇ ಇಳಿಸಿದೆವು. ಅದು ನೆಲಕ್ಕೆ ಮೈ ತಾಗುವಷ್ಟು ಕುಗ್ಗಿ, ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ ಕುರಿಗಳನ್ನೇ ನೋಡುತ್ತ ನಿಂತಿತು. ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು, ಒತ್ತೊತ್ತಾಗಿ ಸೇರಿದವು, ಮರುಕ್ಷಣ ಚೆದುರಿ ಕಾಲುವೆಯ ಕಡೆ ಓಡಿದವು. ಅಲ್ಲಿಯವರೆಗೆ ಬದುವಿನ ನೆರಳಿನಲ್ಲಿ ಸತ್ತಂತೆ ಬಿದ್ದಿದ್ದ ಮೂರು ನಾಯಿಗಳು ಎದ್ದು ಬಂದು, ಹಿಂಡಿಗೂ ನಮ್ಮ ನಾಯಿಗೂ ನಡುವೆ ಅಡ್ಡ ನಿಂತವು. ಬೊಗಳಲೂ ಇಲ್ಲ. ಕುರಿ ಕಾಯುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ: "ತಮ್ಮಾ, ನಿಮ್ಮ ನಾಯಿ ತೋಳ ನೋಡಿದಂಗ ನೋಡಾಕತ್ತೈತಿ. ಮೊದಲು ಹಿಂದಕ್ಕೆ ತಗೋರಿ."

ಆ ಮಾತು ಎಷ್ಟು ಸರಿ ಎಂಬುದು ನನಗೆ ತಿಳಿದದ್ದು ಆಮೇಲೆ, ಈ ನಾಯಿಗಳ ಚರಿತ್ರೆಯನ್ನು ಓದತೊಡಗಿದಾಗ.

ಬಾರ್ಡರ್ ಕಾಲಿ ಎಂಬ ಹೆಸರಿನಲ್ಲಿರುವ 'ಬಾರ್ಡರ್' ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ನಡುವಣ ಗಡಿನಾಡು. ಆ ಗುಡ್ಡಗಳ ಕುರಿಗಾಹಿಗಳು ತಲೆಮಾರುಗಳಿಂದ ನಾಯಿಗಳನ್ನು ಪಳಗಿಸಿಕೊಂಡು ಬಂದವರು. 1893ರಲ್ಲಿ ನಾರ್ಥಂಬರ್ಲೆಂಡಿನ ಆಡಂ ಟೆಲ್ಫರ್ ಎಂಬ ಸಾಕಣೆಗಾರನ ಬಳಿ ಹುಟ್ಟಿದ 'ಹೆಂಪ್' ಎಂಬ ಗಂಡುನಾಯಿ ಈ ತಳಿಯ ಮೂಲಪುರುಷ. ಅದು ಬೊಗಳುತ್ತಿರಲಿಲ್ಲ, ಕುರಿಯನ್ನು ಕಚ್ಚುತ್ತಿರಲಿಲ್ಲ. ಬರಿಯ ನೋಟದಿಂದಲೇ ಕುರಿಗಳನ್ನು ಬೇಕಾದತ್ತ ಸರಿಸುತ್ತಿತ್ತು. ಅದರ ಮರಿಗಳಿಗಾಗಿ ಸುತ್ತಲಿನ ಸೀಮೆಯ ಜನ ಮುಗಿಬಿದ್ದರು. ಇಂದಿನ ಬಾರ್ಡರ್ ಕಾಲಿಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಕೊನೆಗೆ ಸಿಗುವುದು ಈ ಹೆಂಪ್. ಕುರಿನಾಯಿಗಳ ಸ್ಪರ್ಧೆ ಅದಕ್ಕೂ ಮೊದಲೇ, 1873ರಲ್ಲಿ, ವೇಲ್ಸ್‌ನ ಬಾಲಾ ಎಂಬಲ್ಲಿ ಶುರುವಾಗಿತ್ತು. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿಕೊಂಡಿತು. 'ಬಾರ್ಡರ್ ಕಾಲಿ' ಎಂಬ ಹೆಸರು ಬಳಕೆಗೆ ಬಂದದ್ದು ಅದಾದ ಹತ್ತು ವರ್ಷಗಳೊಳಗೆ, ಆ ಸಂಘದ ಕಾರ್ಯದರ್ಶಿ ಜೇಮ್ಸ್ ರೀಡ್ ಕಾಲದಲ್ಲಿ.

ಹೆಂಪ್‌ನ ಆ ನೋಟ ಎಲ್ಲಿಂದ ಬಂತು? ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ಮತ್ತು ಅವರ ಪತ್ನಿ ಲೋರ್ನಾ ಕೆಲಸದ ನಾಯಿಗಳನ್ನು ಹಲವು ದಶಕ ಅಭ್ಯಾಸ ಮಾಡಿದವರು. ಅವರ ವಿವರಣೆ ಸರಳವಾಗಿದೆ. ತೋಳ ಬೇಟೆಯಾಡುವಾಗ ಹಂತ ಹಂತವಾಗಿ ನಡೆದುಕೊಳ್ಳುತ್ತದೆ: ಮೊದಲು ದಿಟ್ಟಿಸುವುದು, ಆಮೇಲೆ ಹೊಂಚುತ್ತ ಸಾಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಬಾರ್ಡರ್ ಕಾಲಿಯಲ್ಲಿ ಮನುಷ್ಯ ಮೊದಲ ಮೂರು ಹಂತಗಳನ್ನು ಹಿಗ್ಗಿಸಿ, ಉಳಿದವನ್ನು ಕುಗ್ಗಿಸಿದ್ದಾನೆ. ಅಂದರೆ ಅದು ಕೊಲ್ಲದ ತೋಳ. ಕುರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಹೆದರಿ ಸರಿಯುತ್ತದೆ. ಅದು ಸರಿಯುವುದರಿಂದಲೇ ಅಲ್ಲಿಯ ಕುರಿಗಾಹಿಯ ಕೆಲಸ ನಡೆಯುತ್ತದೆ. ಗುಡ್ಡದ ಮೇಲೆ ಯಾರೂ ಕಾಯದೆ ಬಿಟ್ಟ ಕುರಿಗಳನ್ನು ಒಂದು ಶಿಳ್ಳಿನ ಸನ್ನೆಗೆ ನಾಯಿ ಕೆಳಗಿಳಿಸಿ ತರುತ್ತದೆ.

ಕುರಿಗಳನ್ನು ಗುಡ್ಡದ ಮೇಲೆ ಯಾರೂ ಕಾಯದೆ ಬಿಡಲು ಅವರಿಗೆ ಹೇಗೆ ಸಾಧ್ಯವಾಯಿತು? ಇಂಗ್ಲೆಂಡಿನಲ್ಲಿ 15ನೇ ಶತಮಾನದ ಕೊನೆಯ ವೇಳೆಗೇ ತೋಳ ನಿರ್ನಾಮವಾಗಿತ್ತು. ಸ್ಕಾಟ್ಲೆಂಡಿನಲ್ಲಿ ಅದಾದ ಸುಮಾರು ಇನ್ನೂರು ವರ್ಷಗಳಲ್ಲಿ ಅಳಿಯಿತು. ತೋಳವೇ ಇಲ್ಲದ ನಾಡಿನಲ್ಲಿ ಕಾವಲು ನಾಯಿಗೆ ಕೆಲಸವಿಲ್ಲ. ಇದ್ದ ಕೆಲಸವೆಂದರೆ ಚೆದುರಿದ ಕುರಿಗಳನ್ನು ಕೂಡಿಸುವುದು. ಹಾಗಾಗಿ ಅಲ್ಲಿಯ ನಾಯಿ ಓಡುವ ನಾಯಿಯಾಯಿತು.

ನಮ್ಮ ಕಡೆಯ ಕತೆ ತಿರುವುಮುರುವು. ಇಲ್ಲಿ ತೋಳ ಇನ್ನೂ ಇದೆ. ತುಂಗಭದ್ರೆಯ ಆಚೆ ದಡದ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡನ್ನು ಸರ್ಕಾರ ಈಚೆಗೆ ತೋಳಗಳಿಗೆಂದೇ ರಕ್ಷಿತ ಪ್ರದೇಶವೆಂದು ಸಾರಿದೆ. ಈಚೆ ದಡದಲ್ಲಿ, ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಗಳ ನಡುವೆ 1994ರಲ್ಲಿ ಆದ ದರೋಜಿ ಕರಡಿಧಾಮವಿದೆ. ಅದರ ಬಂಡೆಗುಡ್ಡಗಳಲ್ಲಿ ಕರಡಿಯ ಜೊತೆ ಚಿರತೆಯೂ ಇದೆ. ಹಂಪಿಯ ಬಂಡೆಗಳ ನಡುವೆಯೂ ಚಿರತೆ ಸುಳಿದಾಡುತ್ತದೆ. ಇಂಥಲ್ಲಿ ಕುರಿಯನ್ನು ಬಿಟ್ಟು ಮನೆಗೆ ಹೋಗುವವರು ಯಾರು? ಕುರುಬರು ಹಗಲು ಹಿಂಡಿನ ಜೊತೆ ನಡೆಯುತ್ತಾರೆ, ರಾತ್ರಿ ಹಿಂಡಿನ ಬದಿಗೆ ಕಂಬಳಿ ಹೊದ್ದು ಮಲಗುತ್ತಾರೆ. ಕುರಿಗಳನ್ನು ನಡೆಸಲು ಅವರಿಗೆ ನಾಯಿ ಬೇಕಿಲ್ಲ. ನಾಲಗೆ ಲೊಟಗುಟ್ಟಿಸಿ, ಒಂದು ಕೂಗು ಹಾಕಿ, ಕೋಲು ಎತ್ತಿದರೆ ಮುಂದಿನ ಕುರಿ ತಿರುಗುತ್ತದೆ. ಉಳಿದವು ಅದರ ಹಿಂದೆ. ಹಳ್ಳಕ್ಕೆ ಬಿದ್ದರೂ ಒಂದರ ಹಿಂದೆ ಒಂದು ಬೀಳುವ ಜಾತಿ ಎಂದು ನಾವು ಆಡಿಕೊಳ್ಳುವ ಗುಣವೇ ಕುರುಬನಿಗೆ ಅನುಕೂಲ. ಅವನಿಗೆ ನಾಯಿ ಬೇಕಾಗಿರುವುದು ಕತ್ತಲಾದ ಮೇಲೆ.

ಹಾಗೆಂದೇ ನಮ್ಮ ಕುರಿನಾಯಿ ಕೂರುವ ನಾಯಿ, ಮಲಗುವ ನಾಯಿ. ಹಗಲೆಲ್ಲ ಸೋಮಾರಿಯಂತೆ ಕಾಣುತ್ತದೆ. ರಾತ್ರಿ ಬಲೆ ಕಟ್ಟಿದ ರೊಪ್ಪದೊಳಗೆ ಕುರಿಗಳು ಸೇರಿದ ಮೇಲೆ ಅದು ಹೊರಗಡೆ ಗಾಳಿಗೆ ಮುಖಮಾಡಿ ಕೂರುತ್ತದೆ. ತೋಳದ ವಾಸನೆ ಬಂದರೆ ಬೊಗಳಿ ಯಜಮಾನನನ್ನು ಎಬ್ಬಿಸುತ್ತದೆ, ಬೇಕಾದರೆ ಎದುರು ನಿಲ್ಲುತ್ತದೆ. ತೋಳವನ್ನು ಅಟ್ಟಿಕೊಂಡು ಬಹುದೂರ ಹೋಗುವ ನಾಯಿಯನ್ನು ಕುರುಬರು ಮೆಚ್ಚುವುದಿಲ್ಲ. ಒಂದು ತೋಳ ನಾಯಿಯನ್ನು ಎಳೆದೊಯ್ಯುವಾಗ ಇನ್ನೊಂದು ತೋಳ ಮರಿ ಹೊತ್ತೊಯ್ಯುತ್ತದೆ. ಹಿಂಡಿನ ಹತ್ತಿರವೇ ಇರಬೇಕು, ಕುರಿಯನ್ನು ಆಟಕ್ಕೂ ಅಟ್ಟಬಾರದು, ಪರಕೀಯನನ್ನು ನಂಬಬಾರದು: ಇಷ್ಟಿದ್ದರೆ ಒಳ್ಳೆಯ ನಾಯಿ.

ಈ ಗುಣ ತರಬೇತಿಯಿಂದ ಬರುವುದಲ್ಲ, ಒಡನಾಟದಿಂದ ಬರುವುದು. ಮರಿ ಕಣ್ಣು ಬಿಡುವುದೇ ಕುರಿಗಳ ನಡುವೆ. ಹಿಂಡು ಊರು ಬದಲಿಸುವಾಗ ಎಳೆಯ ಕುರಿಮರಿಗಳ ಜೊತೆ ಕತ್ತೆಯ ಬೆನ್ನಿನ ಚೀಲದಲ್ಲಿ ನಾಯಿಮರಿಯೂ ಕೂತು ಸಾಗುತ್ತದೆ. ಕಾಪಿಂಜರ್ ದಂಪತಿ 1970ರ ದಶಕದ ಕೊನೆಯಲ್ಲಿ ಟರ್ಕಿ, ಇಟಲಿ, ಯುಗೊಸ್ಲಾವಿಯಾಗಳಿಂದ ಕಾವಲುನಾಯಿಗಳನ್ನು ತರಿಸಿ ಅಮೆರಿಕದ ಕುರಿ ಸಾಕುವವರಿಗೆ ಕೊಟ್ಟು ನೋಡಿದರು. ಹುಟ್ಟಿದ ಮೊದಲ ನಾಲ್ಕು ತಿಂಗಳು ಯಾವ ಮರಿ ಕುರಿಗಳ ಜೊತೆ ಬೆಳೆಯಿತೋ ಅದು ಕುರಿಗಳನ್ನು ತನ್ನ ಬಳಗವೆಂದು ಬಗೆಯಿತು. ಮನೆಯೊಳಗೆ ಮುದ್ದಿನಿಂದ ಬೆಳೆದ ಮರಿ ಎಷ್ಟೇ ಒಳ್ಳೆಯ ತಳಿಯದಾದರೂ ಕಾವಲಿಗೆ ಬರಲಿಲ್ಲ. ನಮ್ಮ ಕುರುಬರಿಗೆ ಇದು ಹೊಸದಲ್ಲ. ಆದರೆ ಅವರದನ್ನು ಯಾರೂ ಬರೆದಿಟ್ಟಿರಲಿಲ್ಲ.

ಬರೆದಿಟ್ಟಿದ್ದು, ಕೆತ್ತಿಟ್ಟಿದ್ದು ಬೇರೆ ನಾಯಿಯನ್ನು. ಹಂಪಿಗೆ ಬಂದವರು ಮಹಾನವಮಿ ದಿಬ್ಬದ ಸುತ್ತ ಒಮ್ಮೆ ನಿಧಾನವಾಗಿ ನಡೆಯಬೇಕು. ಆನೆ, ಕುದುರೆ, ಒಂಟೆ, ಕುಣಿಯುವ ಹೆಂಗಸರ ಸಾಲುಗಳ ನಡುವೆ ಬೇಟೆಯ ದೃಶ್ಯಗಳಿವೆ, ಬೇಟೆಗಾರರ ಜೊತೆ ನಾಯಿಗಳಿವೆ. ವಿಜಯನಗರ ಹುಟ್ಟಿದ ಕತೆಯಲ್ಲೂ ನಾಯಿ ಇದೆ. ಬೇಟೆಗೆ ಬಂದ ಅರಸನ ನಾಯಿಗಳ ಮೇಲೆ ಮೊಲವೊಂದು ಓಡುವ ಬದಲು ತಿರುಗಿಬಿದ್ದು ಕಚ್ಚಿತು, ಇದು ವೀರಭೂಮಿ ಎಂದು ಋಷಿ ಹೇಳಿದ, ಅಲ್ಲಿಯೇ ಪಟ್ಟಣ ಕಟ್ಟಲಾಯಿತು. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಈ ಕತೆಯನ್ನು ಕೇಳಿ ಬರೆದಿದ್ದಾನೆ. ಕತೆಯಲ್ಲಿ ಕೀರ್ತಿ ಮೊಲಕ್ಕೆ ಹೋಯಿತು, ಸೋತವು ನಾಯಿಗಳು. ಆ ಅರಸರು ಕುರುಬರೋ ಅಲ್ಲವೋ ಎಂಬ ವಾದ ಇಂದಿಗೂ ನಡೆದಿದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಕನ್ನಡದ ಅತಿ ಪ್ರಸಿದ್ಧ ನಾಯಿಯೂ ಬೇಟೆಯದೇ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕೇಳದವರು ಕಡಿಮೆ. 949ರಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಹೋರಾಡಿ ಸತ್ತವು. ಮಣಲೆರ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ದೇವಾಲಯದ ಗೊರವನಿಗೆ ಶಾಸನ ಕಟ್ಟಳೆ ಹಾಕುತ್ತದೆ. ಹಂದಿಯೊಡನೆ ಕಾದಾಡುವ ನಾಯಿಯ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾವಲುನಾಯಿಗೆ ಕಲ್ಲು ನೆಟ್ಟದ್ದು ಇಲ್ಲವೇ ಇಲ್ಲವೆಂದಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ 7ನೇ ಶತಮಾನದ ಒಂದು ವೀರಗಲ್ಲಿದೆ. ಸತ್ತ ವೀರನ ಪಕ್ಕದಲ್ಲಿ ಅವನ ನಾಯಿ ನಿಂತಿದೆ. ಕೋವಿವನ್ ಎಂಬ ಆ ನಾಯಿ ಇಬ್ಬರು ಕಳ್ಳರನ್ನು ಕಚ್ಚಿ ಕಾವಲಿತ್ತು ಎಂದು ಬರೆದಿದೆ. ಇಂಥ ಕಲ್ಲು ಅಪರೂಪ. ನಮ್ಮ ಸೀಮೆಯಲ್ಲಿ ತುರುಗಾಳಗದ ವೀರಗಲ್ಲುಗಳು ಬೇಕಾದಷ್ಟಿವೆ, ದನಗಳೂ ಅವುಗಳಲ್ಲಿ ಕಾಣುತ್ತವೆ.

ಸೋಜಿಗವೆಂದರೆ, ಈ ನಾಡಿನ ಬದುಕು ಶುರುವಾದದ್ದೇ ದೊಡ್ಡಿ, ರೊಪ್ಪಗಳಿಂದ. ಬಳ್ಳಾರಿ ರಸ್ತೆಯ ಕುಡತಿನಿಯ ಬೂದಿದಿಬ್ಬ ನೋಡಿದ್ದೀರಲ್ಲವೆ? ಹಂಪಿಯ ಹತ್ತಿರ ನಿಂಬಾಪುರದಲ್ಲೂ ಒಂದಿದೆ. ವಾಲಿಯನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತಾರೆ. ಪ್ರಾಕ್ತನಶಾಸ್ತ್ರಜ್ಞರ ಪ್ರಕಾರ ಇವು ನಾಲ್ಕು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ. ಬ್ರಿಟಿಷ್ ವಿದ್ವಾಂಸ ಎಫ್.ಆರ್. ಆಲ್‌ಚಿನ್ 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ದಿಬ್ಬಗಳು ದನದ ದೊಡ್ಡಿಗಳೆಂದು ತೋರಿಸಿಕೊಟ್ಟರು. ಮುಂದೆ ವಿಜಯನಗರದ ವೈಭವದ ದಿನಗಳಲ್ಲಿ, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್, ಇಲ್ಲಿ ದಿನಕ್ಕೆ ಕಡಿಯುವ ಕುರಿಗಳಿಗೆ ಲೆಕ್ಕವಿಲ್ಲ, ಬೀದಿಬೀದಿಯಲ್ಲೂ ಕುರಿಮಾಂಸ ಮಾರುತ್ತಾರೆ ಎಂದು ಬೆರಗಿನಿಂದ ಬರೆಯುತ್ತಾನೆ. ಅಷ್ಟು ಕುರಿಗಳು ಎಲ್ಲಿಂದಲೋ ನಡೆದು ಬರಬೇಕು. ಬರುವ ದಾರಿಯಲ್ಲಿ ರಾತ್ರಿಗಳಿದ್ದವು, ರಾತ್ರಿಗಳಲ್ಲಿ ತೋಳಗಳಿದ್ದವು. ಪಟ್ಟಣದ ಅಡುಗೆಮನೆಗಳವರೆಗೆ ಆ ಕುರಿಗಳನ್ನು ಉಳಿಸಿ ತಂದ ನಾಯಿಗಳ ಬಗ್ಗೆ ಪಾಯಸ್ ಒಂದು ಸಾಲು ಬರೆದಿಲ್ಲ. ಅರಸನ ನಾಯಿ ಗೋಡೆಗೆ ಏರಿತು, ಕುರುಬನ ನಾಯಿ ಏರಲಿಲ್ಲ.

ಕುರುಬನ ನಾಯಿಗೆ ಮಾನ ಸಿಕ್ಕ ಜಾಗ ಒಂದಿದೆ, ಅದು ಮೈಲಾರ. ಹೂವಿನಹಡಗಲಿ ತಾಲ್ಲೂಕಿನ ಈ ಕ್ಷೇತ್ರ 2021ರಿಂದ ನಮ್ಮ ವಿಜಯನಗರ ಜಿಲ್ಲೆಗೆ ಸೇರಿದೆ. ಭರತ ಹುಣ್ಣಿಮೆಯ ಜಾತ್ರೆಯ ಕಾರಣಿಕ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ: ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲು, ಅದರಿಂದ ಮಳೆ-ಬೆಳೆ-ರಾಜಕೀಯದ ಲೆಕ್ಕಾಚಾರ. ಆದರೆ ಜಾತ್ರೆಯಲ್ಲಿ ಇನ್ನೊಂದು ಆಚರಣೆ ಇದೆ. ಮಣಿ ಮತ್ತು ಮಲ್ಲಾಸುರರನ್ನು ಕೊಲ್ಲಲು ಏಳು ಕೋಟಿ ದಂಡಿನೊಡನೆ ಬಂದ ಮೈಲಾರಲಿಂಗನ ಜೊತೆ ನಾಯಿಗಳೂ ಇದ್ದವೆಂದು ನಂಬಿಕೆ. ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಕುಲಾವಿ ತೊಟ್ಟ ಗೊರವರು, ವಗ್ಗಯ್ಯಗಳು ದೇವರ ಮುಂದೆ ತಾವೇ ನಾಯಿಗಳಾಗುತ್ತಾರೆ. ಭಕ್ತರು ದೋಣಿ ಎಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು ತುಂಬುತ್ತಾರೆ. ಇವರು ಗುರುಗುಟ್ಟುತ್ತ, ಬೊಗಳುತ್ತ, ಮೊಣಕಾಲೂರಿ ಬಾಯಿ ಹಾಕಿ ತಿನ್ನುತ್ತಾರೆ. ಹೊರಗಿನವರಿಗೆ ಮುಜುಗರ ತರುವ ದೃಶ್ಯ. ನನಗೂ ಮೊದಲ ಸಲ ಹಾಗೇ ಆಗಿತ್ತು.

ಜರ್ಮನಿಯ ವಿದ್ವಾಂಸ ಗುಂತರ್ ಸೋಂಥೈಮರ್ ಮಹಾರಾಷ್ಟ್ರದ ಖಂಡೋಬಾ ಮತ್ತು ನಮ್ಮ ಮೈಲಾರನ ಬಗ್ಗೆ ದಶಕಗಳ ಕಾಲ ಓಡಾಡಿ ಬರೆದವರು. ಇವೆರಡೂ ಒಂದೇ ದೈವದ ಎರಡು ಹೆಸರು. ಕುರಿಗಾಹಿಗಳ, ಬೇಟೆಗಾರರ, ಸೈನಿಕರ ದೈವ. ಅಂಥ ದೈವದ ಬಳಿ ನಾಯಿ ಇರುವುದು ಸಹಜವೇ. ಕನ್ನಡದ ಗಾದೆಗಳನ್ನು ಎಣಿಸಿದರೆ ನಾಯಿಗೆ ಒಳ್ಳೆಯ ಮಾತು ಸಿಗುವುದು ಕಷ್ಟ: ಬಾಲ ಡೊಂಕು, ಬೊಗಳಿದರೆ ದೇವಲೋಕ ಹಾಳಾಗದು, ಹೀಗೆ. ಊರೊಳಗಿನ ಜನ ಕಟ್ಟಿದ ಗಾದೆಗಳಿವು. ಊರ ಹೊರಗೆ ರಾತ್ರಿ ಕಳೆಯುವವರು ತಮ್ಮನ್ನು ದೇವರ ನಾಯಿ ಎಂದು ಕರೆದುಕೊಂಡರು.

ಈಗ ಓದುಗರು ಕೇಳಬಹುದು: ಹಾಗಾದರೆ ನಮ್ಮ ಕುರಿನಾಯಿ ಯಾವ ತಳಿ? ಇಲ್ಲಿ ಸಪೂರ ದೇಹದ ಯಾವ ನಾಯಿ ಕಂಡರೂ 'ಮುಧೋಳ' ಎನ್ನುವುದು ರೂಢಿ. ಮುಧೋಳದ್ದು ಬೇಟೆನಾಯಿ, ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯುವುದು ಅದರ ಕಸುಬು. ಅದಕ್ಕೆ ಕೀರ್ತಿ ತಂದವರು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ. ಸಂಡೂರನ್ನು ಆಳಿದವರೂ ಘೋರ್ಪಡೆಗಳೇ, ಆದರೆ ಬೇರೆ ಶಾಖೆ. ಅವರಿಂದ ಸಂಡೂರಿಗೆ ಒಂದು ನಾಯಿ ತಳಿಯ ಹೆಸರು ಬರಲಿಲ್ಲ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ಹೊರತಂದಾಗ ಮುಧೋಳ ಅದರಲ್ಲಿತ್ತು. ಕುರಿಯ ಹೆಸರು ಹೊತ್ತು ಅದರಲ್ಲಿದ್ದದ್ದು ಹಿಮಾಲಯದ ಕುರಿನಾಯಿ ಮಾತ್ರ. 2025ರ ಜನವರಿಯಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೊ ಹಿಮಾಚಲದ ಗದ್ದಿ ಕುರಿಗಾಹಿಗಳ ನಾಯಿಯನ್ನು ಅಧಿಕೃತ ತಳಿಯೆಂದು ನೋಂದಾಯಿಸಿತು. ಚಿರತೆಯ ಹಲ್ಲಿಗೆ ಸಿಗದಂತೆ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದು ಈ ನಾಯಿಗೇ. ಅದಕ್ಕೂ ಮೊದಲು ನೋಂದಣಿಯಾಗಿದ್ದ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ ಮೂರೂ ಬೇಟೆಯ ಕೀರ್ತಿಯವು.

ದಖನಿನ ಕುರಿನಾಯಿಗೆ ಹೀಗೆ ಪಟ್ಟ ಸಿಗುವುದು ಸುಲಭವಲ್ಲ, ಸಿಗಬೇಕೆಂದು ನಾನು ಹಟ ಹಿಡಿಯುವುದೂ ಇಲ್ಲ. ಅದಕ್ಕೆ ಒಂದು ರೂಪವಿಲ್ಲ. ಒಂದು ಹಿಂಡಿನಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು, ಮತ್ತೊಂದರಲ್ಲಿ ಮುಧೋಳದ ರಕ್ತ ಬೆರೆತ ಎತ್ತರದ ನಾಯಿ. ಇದು ತಳಿ ಅನ್ನುವುದಕ್ಕಿಂತ ಕಸುಬು. ಕುರುಬ ಮರಿ ಆರಿಸುವಾಗ ನೋಡುವುದು ಅದರ ತಾಯಿ ರಾತ್ರಿ ಹೇಗಿರುತ್ತಿತ್ತು ಎಂಬುದನ್ನು. ಕಿವಿ, ಬಾಲ ಅಳೆಯುವವರು ನಾಯಿ ಪ್ರದರ್ಶನದವರು. ಅಪಾಯ ಇರುವುದು ಹೆಸರು ಇಲ್ಲದ್ದರಲ್ಲಲ್ಲ. ಹಿಂಡು ಕರಗಿದ ದಿನ ನಾಯಿಯ ವಿದ್ಯೆಯೂ ಕರಗುತ್ತದೆ, ಹಿಂಡಿನಿಂದ ಬೇರೆಯಾದ ಅದೇ ನಾಯಿ ಊರಿನ ಬೀದಿನಾಯಿಯಾಗುತ್ತದೆ. ಒರಟು ಉಣ್ಣೆಯ ಬಳ್ಳಾರಿ ಕುರಿಗೆ ಈಗ ಉಣ್ಣೆಯಿಂದ ಹುಟ್ಟುವ ದುಡ್ಡು ಅಷ್ಟಕ್ಕಷ್ಟೇ. ಕುರುಬರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಹೋಗಲೇಬೇಕು. ಮೇಯುವ ಜಾಗದಲ್ಲಿ ಒಂದಿಷ್ಟು ತುಂಗಭದ್ರಾ ಕಾಲುವೆಯಿಂದ ಗದ್ದೆಯಾಯಿತು, ಒಂದಿಷ್ಟು ಸಂಡೂರಿನ ಅದಿರಿನ ಗಣಿಯಾಯಿತು.

ಇರುವ ನಾಯಿಗಳನ್ನಾದರೂ ಹೇಗೆ ನೋಡಿಕೊಳ್ಳುತ್ತಿದ್ದೇವೆ? ಕುರಿಗಾಹಿಗಳು ನಾಯಿಗೆ ತಾವು ಉಣ್ಣುವುದನ್ನೇ ಹಾಕುತ್ತಾರೆ: ಮುದ್ದೆ, ಅಂಬಲಿ, ರೊಟ್ಟಿ, ಇದ್ದರೆ ಹಾಲು. ಊಟದಲ್ಲಿ ಮೋಸವಿಲ್ಲ. ಲಸಿಕೆಯಲ್ಲಿದೆ. ಪಿ.ಪಿ.ಆರ್, ನೀಲಿನಾಲಗೆ ಎಂದು ಕುರಿಗೆ ಸೂಜಿ ಹಾಕಿಸುವವರು ನಾಯಿಯನ್ನು ಮರೆಯುತ್ತಾರೆ. ನಾನು ಮಾತನಾಡಿಸಿದ ಏಳೆಂಟು ಹಿಂಡಿನವರಲ್ಲಿ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದವರು ಇಬ್ಬರೇ. ಮೂರು ತಿಂಗಳು ತುಂಬಿದ ಮರಿಗೆ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಹಾಕಿಸುತ್ತ ಹೋದರೆ ಸಾಕು. ತೋಳದೊಡನೆ, ನರಿಯೊಡನೆ ಕಚ್ಚಾಡುವ ನಾಯಿ ಇದು. ಅದರ ಪಕ್ಕದಲ್ಲೇ ಮನುಷ್ಯ ಮಲಗುತ್ತಾನೆ.

ಇನ್ನೊಂದು ಸಂಗತಿ ಕುರಿ ಸಾಕುವವರಿಗೆ ನೇರ ನಷ್ಟದ್ದು. ಕುರಿಯೊಂದು ತಲೆ ಓರೆ ಮಾಡಿಕೊಂಡು ಒಂದೇ ಕಡೆ ಸುತ್ತುತ್ತ ಸುತ್ತುತ್ತ ಬಿದ್ದು ಸಾಯುವುದನ್ನು ಹಲವರು ನೋಡಿರಬಹುದು. ಇದಕ್ಕೆ ಒಂದು ಮುಖ್ಯ ಕಾರಣ ನಾಯಿಯ ಹೊಟ್ಟೆಯಲ್ಲಿರುವ ಲಾಡಿಹುಳು. ಸತ್ತ ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆದರೆ, ಮಿದುಳಿನಲ್ಲಿದ್ದ ನೀರುಗುಳ್ಳೆಯಿಂದ ಹುಳು ನಾಯಿಯ ಕರುಳಿಗೆ ಸೇರಿ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಕುರಿಯ ರಕ್ತದಿಂದ ಮತ್ತೆ ಮಿದುಳಿಗೆ. ಇದೇ ಬಳಗದ ಇನ್ನೊಂದು ಹುಳು ಕುರಿಯ ಯಕೃತ್ತು, ಪುಪ್ಪುಸಗಳಲ್ಲಿ ಗುಳ್ಳೆ ಕಟ್ಟುತ್ತದೆ. ಅದು ಮನುಷ್ಯನನ್ನೂ ಬಿಡುವುದಿಲ್ಲ. ತಡೆಯುವ ದಾರಿ ಕಷ್ಟದ್ದಲ್ಲ. ಸತ್ತ ಕುರಿಯ ತಲೆ, ಕಾರಿಜ, ಪುಪ್ಪುಸಗಳನ್ನು ಹಸಿಯಾಗಿ ನಾಯಿಗೆ ಹಾಕದೆ ಹೂಳಬೇಕು ಅಥವಾ ಚೆನ್ನಾಗಿ ಬೇಯಿಸಬೇಕು. ಪಶುವೈದ್ಯರನ್ನು ಕೇಳಿ ಮೂರು ತಿಂಗಳಿಗೊಮ್ಮೆ ನಾಯಿಗೆ ಲಾಡಿಹುಳುವಿನ ಮಾತ್ರೆ ಕೊಡಬೇಕು. ಕುರಿಯ ಬೆಲೆಯ ಮುಂದೆ ಆ ಮಾತ್ರೆಯ ಬೆಲೆ ಏನೂ ಅಲ್ಲ.

ಬಾರ್ಡರ್ ಕಾಲಿ ಸಾಕುವ ಆಸೆಯಿರುವವರಿಗೂ ನಾಲ್ಕು ಮಾತು ಹೇಳಬೇಕು. ದಕ್ಷಿಣ ಕೆರೊಲಿನಾದ ಮನಶ್ಶಾಸ್ತ್ರಜ್ಞ ಜಾನ್ ಪಿಲೆ ಸಾಕಿದ್ದ ಚೇಸರ್ ಎಂಬ ಬಾರ್ಡರ್ ಕಾಲಿ 1,022 ಆಟಿಕೆಗಳ ಹೆಸರು ಕಲಿತಿತ್ತೆಂದು 2011ರಲ್ಲಿ ವರದಿಯಾದಾಗ ಜಗತ್ತೆಲ್ಲ ಬೆರಗಾಯಿತು. ಅದಕ್ಕಾಗಿ ಪಿಲೆ ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕೂತಿದ್ದರು ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಇದು ಅಂಗಳದಲ್ಲಿ ಕಟ್ಟುವ ನಾಯಿಯಲ್ಲ. ಕೆಲಸ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ, ನಮ್ಮ ಓಣಿಯ ಮಕ್ಕಳನ್ನು ಹುಡುಕಿಕೊಂಡ ಹಾಗೆ. ಏಪ್ರಿಲ್, ಮೇ ತಿಂಗಳ ಹೊಸಪೇಟೆಯ 40 ಡಿಗ್ರಿ ಬಿಸಿಲಿಗೆ ಆ ಉದ್ದ ಕೂದಲಿನ ಮೈ ಹೇಳಿ ಮಾಡಿಸಿದ್ದಲ್ಲ; ಓಟವೇನಿದ್ದರೂ ಬೆಳಗಿನ ಜಾವ ಅಥವಾ ಕತ್ತಲಾದ ಮೇಲೆ. ಕುರಿಗಳ ಹುಳು, ಕಜ್ಜಿಗೆ ಬಳಸುವ ಐವರ್‌ಮೆಕ್ಟಿನ್ ಔಷಧಿಯನ್ನು ವೈದ್ಯರನ್ನು ಕೇಳದೆ ಇದಕ್ಕೆ ಹಾಕಲೇಬಾರದು. ಕಾಲಿ ಬಳಗದ ಹಲವು ನಾಯಿಗಳಲ್ಲಿರುವ ಒಂದು ಆನುವಂಶಿಕ ದೋಷದಿಂದ ಆ ಔಷಧಿ ಮಿದುಳಿಗೇರಿ ಪ್ರಾಣ ತೆಗೆಯುತ್ತದೆ. ಬಾರ್ಡರ್ ಕಾಲಿಯಲ್ಲಿ ಈ ದೋಷ ಕಡಿಮೆ, ಇಲ್ಲವೆನ್ನುವಂತಿಲ್ಲ.

ನಮ್ಮವನ ನಾಯಿ ಈಗ ಸ್ವಲ್ಪ ಹದಕ್ಕೆ ಬಂದಿದೆ. ಬೆಳಿಗ್ಗೆ ಐದಕ್ಕೆ ಎದ್ದು ಡ್ಯಾಮಿನ ಕಡೆ ಓಡಿಸಿಕೊಂಡು ಬರುತ್ತಾನೆ. ಚಪ್ಪಲಿ, ಚೆಂಡು, ಪತ್ರಿಕೆ, ಹೀಗೆ ಮೂವತ್ತು ಸಾಮಾನುಗಳ ಹೆಸರು ಕಲಿಸಿದ್ದಾನೆ. ಓಣಿಯ ತಾಯಂದಿರ ಸಿಟ್ಟು ಇಳಿದಿದೆ.

ಮೊನ್ನೆ ಈ ಲೇಖನಕ್ಕಾಗಿ ಕಂಪ್ಲಿ ರಸ್ತೆಗೆ ಹೋದಾಗ ಅದೇ ಅಜ್ಜನ ಹಿಂಡು ಸಿಕ್ಕಿತು. ನಾಯಿಗಳು ಎರಡೇ ಇದ್ದವು. ಮೂರನೆಯದು ಸಂಡೂರಿನ ಹತ್ತಿರ ರಾತ್ರಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿತಂತೆ. ಅಲ್ಲೇ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ನರಿ ಕೆದರಬಾರದೆಂದು ಮೇಲೆ ಒಂದು ಗುಂಡು ಉರುಳಿಸಿ ಬಂದಿದ್ದಾರೆ. ಅದರ ಬದಲಿಗೆ ಕಂಪ್ಲಿಯ ಹತ್ತಿರದ ಇನ್ನೊಂದು ಹಿಂಡಿನವರು ಒಂದು ಹೆಣ್ಣುಮರಿ ಕೊಟ್ಟಿದ್ದಾರೆ. ತಟ್ಟಿಯೊಳಗೆ ಕುರಿಮರಿಗಳ ನಡುವೆ ಮುದುಡಿ ಮಲಗಿತ್ತು. ಲಸಿಕೆ ಎಲ್ಲಿ ಹಾಕಿಸಬೇಕೆಂದು ಅಜ್ಜ ಕೇಳಿದ. ಕಂಪ್ಲಿಯ ಪಶು ಆಸ್ಪತ್ರೆಯ ದಾರಿ ಹೇಳಿ ಬಂದೆ.